ಓದುಗರ ಪ್ರಶ್ನೆ, ನಮ್ಮ ಉತ್ತರ: ಅಬುಧಾಬಿಯಲ್ಲಿ ಮೂರನೇ ಸ್ಥಾನದ ಮೇಲೆ ಕಣ್ಣಿಡಿ

ಡಿಸೆಂಬರ್ 7ರ ಭಾನುವಾರ ಅಬುಧಾಬಿಯ ಯಾಸ್ ಮರೀನಾ ಸರ್ಕ್ಯೂಟಿನಲ್ಲಿ 2025ರ ಫಾರ್ಮುಲಾ ಒನ್‌ನ 24ನೇ ರೇಸ್, ಈ ವರ್ಷದ ಕಾರ್ ರೇಸ್ ಸರಣಿಯ ಕೊನೆಯದು (ಈ ಅಂಕಣ ಆ ರೇಸಿಗೆ ಮುನ್ನ ಬರೆದದ್ದು). ಮೆಕ್‌ಲಾರೆನ್‌ನ ಲ್ಯಾಂಡೊ ನಾರಿಸ್, ರೆಡ್ ಬುಲ್‌ನ ಮ್ಯಾಕ್ಸ್ ವೆರ್‌ಸ್ಟಪ್ಪೆನ್, ಮೆಕ್‌ಲಾರೆನ್‌ನ ಇನ್ನೊಬ್ಬ ಚಾಲಕ ಆಸ್ಕರ್ ಪಿಯಾಸ್ಟ್ರಿ: ವರ್ಷದಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಸಿಗುವ ವಿಶ್ವ ಚಾಂಪಿಯನ್ ಪಟ್ಟದ ದಾರಿ ಮೂವರಿಗೂ ತೆರೆದಿದೆ. ಇಬ್ಬರಿಗಿಂತ ಹೆಚ್ಚು ಮಂದಿ ಕೊನೆಯ ರೇಸಿನವರೆಗೂ ಪೈಪೋಟಿಯಲ್ಲಿ ಉಳಿದಿರುವುದು 2010ರ ನಂತರ ಇದೇ ಮೊದಲು. ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಇದರ ಬಗ್ಗೆಯೇ ಇದ್ದುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ (ಶಿವಮೊಗ್ಗದಿಂದ): ನಾರಿಸ್ 408, ವೆರ್‌ಸ್ಟಪ್ಪೆನ್ 396, ಪಿಯಾಸ್ಟ್ರಿ 392. ಯಾರು ಎಷ್ಟನೆಯವರಾಗಿ ಬಂದರೆ ಯಾರಿಗೆ ಪಟ್ಟ? ನೋಡುವಾಗ ಕೈಯಲ್ಲಿ ಇಟ್ಟುಕೊಳ್ಳುವ ಹಾಗೆ ಬಿಡಿಸಿ ಹೇಳಿ.

ಉತ್ತರ: ಮೊದಲು ಅಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಂದರಿಂದ ಹತ್ತನೇ ಸ್ಥಾನದವರೆಗೆ 25, 18, 15, 12, 10, 8, 6, 4, 2, 1. ಅತಿವೇಗದ ಸುತ್ತಿಗೆ ಕೊಡುತ್ತಿದ್ದ ಒಂದು ಅಂಕವನ್ನು ಈ ವರ್ಷದಿಂದ ತೆಗೆದಿದ್ದಾರೆ, ಅಬುಧಾಬಿಯಲ್ಲಿ ಸ್ಪ್ರಿಂಟ್ ಎಂಬ ಚಿಕ್ಕ ರೇಸೂ ಇಲ್ಲ. ಹಾಗಾಗಿ ಈ ಹತ್ತು ಅಂಕಿಗಳೇ ಎಲ್ಲ.

ನಾರಿಸ್ ಮೂರರೊಳಗೆ ಬಂದರೆ ಉಳಿದವರು ಏನು ಮಾಡಿದರೂ ಪಟ್ಟ ಅವರದೇ. ಮೂರನೇ ಸ್ಥಾನಕ್ಕೆ 423 ಆಗುತ್ತದೆ, ವೆರ್‌ಸ್ಟಪ್ಪೆನ್ ಗೆದ್ದರೂ 421ಕ್ಕೆ ನಿಲ್ಲುತ್ತಾರೆ. ನಾಲ್ಕನೆಯವರಾದರೆ 420. ಆಗ ವೆರ್‌ಸ್ಟಪ್ಪೆನ್ ಗೆದ್ದಿದ್ದರೆ ಒಂದೇ ಒಂದು ಅಂಕದಲ್ಲಿ ಪಟ್ಟ ಕೈತಪ್ಪುತ್ತದೆ.

ವೆರ್‌ಸ್ಟಪ್ಪೆನ್ ಎರಡನೆಯವರಾದರೆ 414. ಆಗ ನಾರಿಸ್ ಎಂಟನೇ ಸ್ಥಾನ ಅಥವಾ ಅದಕ್ಕೂ ಕೆಳಗೆ ಇರಬೇಕು, ಪಿಯಾಸ್ಟ್ರಿ ಗೆದ್ದಿರಬಾರದು. ವೆರ್‌ಸ್ಟಪ್ಪೆನ್ ಮೂರನೆಯವರಾದರೆ 411. ನಾರಿಸ್ ಒಂಬತ್ತು ಅಥವಾ ಕೆಳಗೆ, ಪಿಯಾಸ್ಟ್ರಿ ಗೆದ್ದಿರಬಾರದು. ನಾಲ್ಕಕ್ಕೆ ಇಳಿದರೆ ವೆರ್‌ಸ್ಟಪ್ಪೆನ್ ಆಸೆ ಮುಗಿಯಿತು.

ಪಿಯಾಸ್ಟ್ರಿ ಗೆದ್ದರೆ 417. ನಾರಿಸ್ ಐದನೆಯವರಾದರೆ 418, ಆರನೆಯವರಾದರೆ 416. ಹಾಗಾಗಿ ಪಿಯಾಸ್ಟ್ರಿಗೆ ಗೆಲುವೂ ಬೇಕು, ನಾರಿಸ್ ಆರಕ್ಕಿಂತ ಮೇಲೆ ಇರಲೂ ಬಾರದು. ಪಿಯಾಸ್ಟ್ರಿ ಎರಡನೆಯವರಾದರೆ ದಾರಿ ಇನ್ನೂ ಕಿರಿದು: ನಾರಿಸ್ ಹತ್ತು ಅಥವಾ ಕೆಳಗೆ, ವೆರ್‌ಸ್ಟಪ್ಪೆನ್ ನಾಲ್ಕು ಅಥವಾ ಕೆಳಗೆ.

ಸಮ ಅಂಕ ಬಂದರೆ ಏನು ಎಂದು ಹಲವರು ಕೇಳಿದ್ದಾರೆ. ಹೆಚ್ಚು ರೇಸ್ ಗೆದ್ದವರು ಮೇಲೆ. ಅದೂ ಸಮವಾದರೆ ಎರಡನೇ ಸ್ಥಾನಗಳ ಲೆಕ್ಕ, ಆಮೇಲೆ ಮೂರನೆಯದು. ಈ ಮೂವರೂ ತಲಾ ಏಳು ರೇಸ್ ಗೆದ್ದು ಅಬುಧಾಬಿಗೆ ಬರುತ್ತಿದ್ದಾರೆ! ಎರಡನೇ ಸ್ಥಾನಗಳಲ್ಲಿ ಮಾತ್ರ ನಾರಿಸ್ ಮುಂದಿದ್ದಾರೆ: ಅವರದು ಎಂಟು, ವೆರ್‌ಸ್ಟಪ್ಪೆನ್‌ದು ಐದು, ಪಿಯಾಸ್ಟ್ರಿಯದು ನಾಲ್ಕು. ಹಾಗಾಗಿ ವೆರ್‌ಸ್ಟಪ್ಪೆನ್ ಎರಡನೆಯವರಾಗಿ, ನಾರಿಸ್ ಏಳನೆಯವರಾಗಿ ಇಬ್ಬರೂ 414ರಲ್ಲಿ ನಿಂತರೆ ಪಟ್ಟ ನಾರಿಸ್‌ಗೆ.

ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕಳೆದ ವಾರ ಕತಾರ್‌ನಲ್ಲಿ ನಾರಿಸ್ ಬಹಳ ಹೊತ್ತು ಐದನೇ ಸ್ಥಾನದಲ್ಲಿದ್ದರು. ಕೊನೆಯ ಸುತ್ತುಗಳಲ್ಲಿ ಮರ್ಸಿಡಿಸ್‌ನ ಕಿಮಿ ಆಂಟೊನೆಲ್ಲಿ ಕಾರು ತಿರುವಿನಲ್ಲಿ ಹೊರಕ್ಕೆ ಜಾರಿದ್ದರಿಂದ ನಾಲ್ಕಕ್ಕೆ ಏರಿದರು. ಆ ಎರಡು ಅಂಕ ಸಿಗದಿದ್ದರೆ ನಾರಿಸ್ 406ರಲ್ಲಿ ಇರುತ್ತಿದ್ದರು. ಮೂರನೇ ಸ್ಥಾನ ಸೇರಿದರೆ 421, ವೆರ್‌ಸ್ಟಪ್ಪೆನ್ ಗೆದ್ದರೂ 421. ಆಗ ಎಂಟು ಗೆಲುವಿನ ಬಲದಿಂದ ಪಟ್ಟ ವೆರ್‌ಸ್ಟಪ್ಪೆನ್‌ಗೆ ಹೋಗುತ್ತಿತ್ತು. ಮೂರನೆಯವರಾದರೂ ಸಾಕು ಎಂದು ಇವತ್ತು ಹೇಳಲು ಸಾಧ್ಯವಾಗಿರುವುದು ಆ ಒಂದು ಜಾರಿನಿಂದ.

ಪ್ರಶ್ನೆ (ಹುಬ್ಬಳ್ಳಿಯಿಂದ): ಆಗಸ್ಟ್ ಕೊನೆಗೆ ವೆರ್‌ಸ್ಟಪ್ಪೆನ್ 104 ಅಂಕ ಹಿಂದಿದ್ದರು. ಅಷ್ಟು ಅಂತರ ಕರಗಿದ್ದು ಹ್ಯಾಂಗ್ರೀ? ಲಾಸ್ ವೇಗಸ್‌ನಾಗ ಮೆಕ್‌ಲಾರೆನ್ ಕಾರುಗಳನ್ನ ಅನರ್ಹ ಮಾಡಿದ್ದು ಸರೀನಾ?

ಉತ್ತರ: ಆಗಸ್ಟ್ ಕೊನೆಗೆ ನೆದರ್ಲೆಂಡ್ಸ್‌ನ ಜಾಂಡ್‌ವೂರ್ಟ್ ರೇಸ್ ಮುಗಿದಾಗ ಪಿಯಾಸ್ಟ್ರಿ 309, ನಾರಿಸ್ 275, ವೆರ್‌ಸ್ಟಪ್ಪೆನ್ 205. ಅಲ್ಲಿಂದ ಈಚೆಗೆ ವೆರ್‌ಸ್ಟಪ್ಪೆನ್ ಮೊಂಜಾ, ಬಾಕು, ಆಸ್ಟಿನ್, ಲಾಸ್ ವೇಗಸ್, ಕತಾರ್ ಐದನ್ನೂ ಗೆದ್ದರು. ಅದು ಅವರ ಶ್ರಮ. ಆದರೆ ಕೊನೆಯ ಎರಡು ವಾರಗಳಲ್ಲಿ ಮೆಕ್‌ಲಾರೆನ್ ತಾನಾಗಿ ಬಿಟ್ಟುಕೊಟ್ಟದ್ದೂ ಕಡಿಮೆಯಲ್ಲ.

ಲಾಸ್ ವೇಗಸ್ ವಿಷಯ ಹೀಗೆ. ಪ್ರತಿ ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೂ ಒಂದು ಹಲಗೆ ಇರುತ್ತದೆ. ಹೊಸದಾಗಿ ಜೋಡಿಸಿದಾಗ ದಪ್ಪ 10 ಮಿಲಿಮೀಟರ್, ಮೇಲೆ ಕೆಳಗೆ 0.2ರ ರಿಯಾಯಿತಿ. ರೇಸ್ ಮುಗಿದಾಗ ಗೊತ್ತುಪಡಿಸಿದ ರಂಧ್ರಗಳ ಬಳಿ ಅಳೆದರೆ 9 ಮಿಲಿಮೀಟರ್‌ಗಿಂತ ಕಡಿಮೆ ಇರಕೂಡದು. ಈ ಕಾರುಗಳು ನೆಲಕ್ಕೆ ಹತ್ತಿರವಾದಷ್ಟೂ ಅಡಿಯ ಗಾಳಿ ಕಾರನ್ನು ಕೆಳಗೆ ಹೀರುತ್ತದೆ, ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ. ಅದಕ್ಕೇ ಎಲ್ಲ ತಂಡಗಳೂ ಎತ್ತರವನ್ನು ಕೂದಲೆಳೆಯಷ್ಟು ತಗ್ಗಿಸಲು ನೋಡುತ್ತವೆ. ಆ ಲೋಭಕ್ಕೆ ಕಡಿವಾಣ ಈ ಹಲಗೆ.

ಲಾಸ್ ವೇಗಸ್‌ನ ರಸ್ತೆ ಉಬ್ಬುತಗ್ಗಿನದು. ಮಳೆ ಮತ್ತು ಅಡಚಣೆಗಳಿಂದಾಗಿ ಒಣ ರಸ್ತೆಯಲ್ಲಿ ತುಂಬು ಇಂಧನದ ಅಭ್ಯಾಸ ಸಾಕಷ್ಟು ಸಿಗಲಿಲ್ಲ. ರೇಸಿನಲ್ಲಿ ಕಾರು ನಿರೀಕ್ಷೆಗಿಂತ ಹೆಚ್ಚು ಕುಪ್ಪಳಿಸಿ ಹಲಗೆ ನೆಲಕ್ಕೆ ಉಜ್ಜಿತು. ಅಳತೆಯಲ್ಲಿ ನಾರಿಸ್ ಕಾರಿನ ಒಂದು ಕಡೆ 8.88, ಪಿಯಾಸ್ಟ್ರಿ ಕಾರಿನ ಒಂದು ಕಡೆ 8.74 ಬಂತು. ನಾರಿಸ್‌ದು ಕಡಿಮೆಯಾದದ್ದು 0.12 ಮಿಲಿಮೀಟರ್, ನಾವು ಬರೆಯುವ ಒಂದು ಹಾಳೆಯ ದಪ್ಪಕ್ಕೆ ಹತ್ತಿರ. ಅಷ್ಟಕ್ಕೆ ಎರಡನೇ ಸ್ಥಾನದ 18 ಅಂಕ ಹೋಯಿತು, ಪಿಯಾಸ್ಟ್ರಿಯ ನಾಲ್ಕನೇ ಸ್ಥಾನವೂ ಹೋಯಿತು. ಸರಿಯೇ ಎಂದರೆ ಸರಿ. ಬೇಕೆಂದು ಮಾಡಿದ್ದೋ ಅಲ್ಲವೋ ಎಂದು ನಿಯಮ ಕೇಳುವುದಿಲ್ಲ. ಕೇಳಲು ಶುರುಮಾಡಿದರೆ ಪ್ರತಿ ತಂಡವೂ 8.9ರ ಕಾರು ತಂದು ಆಕಸ್ಮಿಕ ಎನ್ನುತ್ತದೆ.

ಕತಾರ್‌ನದು ಲೆಕ್ಕದ ತಪ್ಪು. ಅಲ್ಲಿ ಒಂದು ಜೊತೆ (ಅಂದರೆ ನಾಲ್ಕು) ಟೈರನ್ನು 25 ಸುತ್ತಿಗಿಂತ ಹೆಚ್ಚು ಓಡಿಸಬಾರದೆಂಬ ಮಿತಿ ಇತ್ತು. ರೇಸ್ 57 ಸುತ್ತಿನದು. ಏಳನೇ ಸುತ್ತಿನಲ್ಲಿ ಸೇಫ್ಟಿ ಕಾರ್ (ಅಪಘಾತವಾದಾಗ ಮುಂದೆ ಓಡಿ ಎಲ್ಲರನ್ನೂ ನಿಧಾನಗೊಳಿಸುವ ಕಾರು) ಬಂತು. 57ರಲ್ಲಿ ಏಳು ಕಳೆದರೆ 50, ಅಂದರೆ ಸರಿಯಾಗಿ 25 ಮತ್ತು 25. ಆ ಕ್ಷಣಕ್ಕೆ ಪಿಟ್‌ಗೆ (ಟೈರ್ ಬದಲಿಸುವ ಜಾಗಕ್ಕೆ) ಬಂದವರಿಗೆ ಒಂದು ನಿಲುಗಡೆ ಅರ್ಧ ಬೆಲೆಗೆ ಸಿಕ್ಕಿದ ಹಾಗೆ. ವೆರ್‌ಸ್ಟಪ್ಪೆನ್ ಸೇರಿ ಹೆಚ್ಚೂಕಡಿಮೆ ಎಲ್ಲರೂ ಬಂದರು. ಮೆಕ್‌ಲಾರೆನ್‌ನ ಎರಡೂ ಕಾರುಗಳು ಹೊರಗೇ ಉಳಿದವು. ಮುಂಚೂಣಿಯಲ್ಲಿದ್ದ ಪಿಯಾಸ್ಟ್ರಿ ಎರಡಕ್ಕೆ ಇಳಿದದ್ದು ಅಲ್ಲೇ, ರಸ್ತೆಯ ಮೇಲಲ್ಲ.

ಪ್ರಶ್ನೆ (ಮೈಸೂರಿನಿಂದ): 12 ಅಂಕದ ಮುನ್ನಡೆ, ಮೂರನೇ ಸ್ಥಾನ ಸಾಕು. ಇದು ನಾರಿಸ್‌ಗೆ ಸುಲಭವೇ ಅಲ್ಲವೇ?

ಉತ್ತರ: ಇದೇ ಸರ್ಕ್ಯೂಟಿನಲ್ಲಿ ಹೆಚ್ಚುಕಡಿಮೆ ಇದೇ ಲೆಕ್ಕ ಎರಡು ಸಲ ಬಂದಿದೆ. ಒಮ್ಮೆ ದಡ ಸೇರಿತು, ಒಮ್ಮೆ ಮುಳುಗಿತು. ಎರಡನ್ನೂ ತಿಳಿದುಕೊಂಡರೆ ಭಾನುವಾರ ಎಲ್ಲಿ ನೋಡಬೇಕೆಂಬುದು ಗೊತ್ತಾಗುತ್ತದೆ.

2016ರಲ್ಲಿ ನಿಕೊ ರೋಸ್‌ಬರ್ಗ್ 367, ಲೂಯಿಸ್ ಹ್ಯಾಮಿಲ್ಟನ್ 355. ಸರಿಯಾಗಿ 12ರ ಅಂತರ, ರೋಸ್‌ಬರ್ಗ್‌ಗೆ ಮೂರನೇ ಸ್ಥಾನ ಸಾಕು. ಮುಂದೆ ಓಡುತ್ತಿದ್ದ ಹ್ಯಾಮಿಲ್ಟನ್ ಕೊನೆಯ ಸುತ್ತುಗಳಲ್ಲಿ ಬೇಕೆಂದೇ ನಿಧಾನಿಸಿ, ರೋಸ್‌ಬರ್ಗ್‌ರನ್ನು ಹಿಂದಿದ್ದ ವೆಟ್ಟೆಲ್ ಮತ್ತು ವೆರ್‌ಸ್ಟಪ್ಪೆನ್ ಬಾಯಿಗೆ ನೂಕಲು ನೋಡಿದರು. ನಾಲ್ವರೂ ಎರಡು ಸೆಕೆಂಡಿನೊಳಗೆ ಗೆರೆ ದಾಟಿದರು. ರೋಸ್‌ಬರ್ಗ್ ಎರಡನೇ ಸ್ಥಾನ ಉಳಿಸಿಕೊಂಡು 385–380ರಲ್ಲಿ ಪಟ್ಟ ಗೆದ್ದರು.

2010ರಲ್ಲಿ ಫರಾರಿಯ ಫರ್ನಾಂಡೊ ಅಲೊನ್ಸೊ 246, ಮಾರ್ಕ್ ವೆಬ್ಬರ್ 238, ಸೆಬಾಸ್ಟಿಯನ್ ವೆಟ್ಟೆಲ್ 231, ಹ್ಯಾಮಿಲ್ಟನ್ 222. ವೆಟ್ಟೆಲ್ ಗೆದ್ದರೂ ಅಲೊನ್ಸೊಗೆ ನಾಲ್ಕನೇ ಸ್ಥಾನ ಸಾಕಿತ್ತು. ಆದರೆ ಫರಾರಿಯ ಕಣ್ಣು ಹತ್ತಿರದ ಎದುರಾಳಿ ವೆಬ್ಬರ್ ಮೇಲಿತ್ತು. ವೆಬ್ಬರ್ 11ನೇ ಸುತ್ತಿನಲ್ಲಿ ಪಿಟ್‌ಗೆ ಹೋದರು, ಅವರು ಮುಂದೆ ಹೋಗದಂತೆ ತಡೆಯಲು ಅಲೊನ್ಸೊರನ್ನು 15ನೇ ಸುತ್ತಿನಲ್ಲಿ ಕರೆದರು. ವೆಬ್ಬರ್ ಹಿಂದೆಯೇ ಉಳಿದರು, ನಿಜ. ಆದರೆ ಅಲೊನ್ಸೊ ಹೊರಬಂದದ್ದು ರೆನೊ ತಂಡದ ವಿಟಾಲಿ ಪೆಟ್ರೊವ್ ಹಿಂದೆ. ಪೆಟ್ರೊವ್ ಮೊದಲ ಸುತ್ತಿನ ಸೇಫ್ಟಿ ಕಾರ್ ಹೊತ್ತಿನಲ್ಲೇ ಟೈರ್ ಬದಲಿಸಿದ್ದರು, ಮತ್ತೆ ನಿಲ್ಲಬೇಕಿರಲಿಲ್ಲ. ಅಂದಿನ ಸರ್ಕ್ಯೂಟಿನಲ್ಲಿ ಹಿಂದಿಕ್ಕುವುದು ಬಹಳ ಕಷ್ಟ. ಉಳಿದ ಸುತ್ತುಗಳನ್ನೆಲ್ಲ ಅಲೊನ್ಸೊ ಪೆಟ್ರೊವ್ ಕಾರಿನ ಹಿಂದಿನ ರೆಕ್ಕೆಯನ್ನೇ ನೋಡುತ್ತಾ ಓಡಿಸಿ ಏಳನೆಯವರಾದರು. ವೆಟ್ಟೆಲ್ 256, ಅಲೊನ್ಸೊ 252.

ನಾರಿಸ್‌ಗೆ ಇರುವ ಅಪಾಯ ಈ ಎರಡನೆಯ ಬಗೆಯದು. ಇಬ್ಬರು ಎದುರಾಳಿಗಳು, ಇಬ್ಬರ ಅಗತ್ಯವೂ ಬೇರೆ. ಒಬ್ಬರಿಗೆ ಕಾವಲು ಕೊಡಲು ಹೋಗಿ ಯಾರೋ ಮೂರನೆಯ ನಿಧಾನದ ಕಾರಿನ ಹಿಂದೆ ಸಿಕ್ಕಿಕೊಂಡರೆ ಅಲ್ಲಿಗೆ ಮುಗಿಯಿತು. ಯಾಸ್ ಮರೀನಾದಲ್ಲಿ ಪಿಟ್‌ಗೆ ಬಂದು ಹೋಗಲು ಸುಮಾರು 22 ಸೆಕೆಂಡು ಹಿಡಿಯುತ್ತದೆ. ಪಿಟ್ ಹಾದಿಯ ವೇಗಮಿತಿ ಗಂಟೆಗೆ 80 ಕಿಲೋಮೀಟರ್, ಹೊರಹೋಗುವ ದಾರಿ ರಸ್ತೆಯ ಅಡಿಯ ಸುರಂಗದಲ್ಲಿ ಹಾಯುತ್ತದೆ. ಆದ್ದರಿಂದ ನೀವು ಪರದೆಯ ಎಡಬದಿಯ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಬಿಟ್ಟು, ನಾರಿಸ್ ಹೆಸರಿನಿಂದ 22 ಸೆಕೆಂಡು ಕೆಳಗೆ ಯಾರಿದ್ದಾರೆ ಎಂದು ನೋಡುತ್ತಿರಿ. ಆ ಜಾಗ ಖಾಲಿ ಇದ್ದರೆ ಅವರು ನಿರಾತಂಕವಾಗಿ ಪಿಟ್‌ಗೆ ಬರಬಹುದು. ಅಲ್ಲಿ ಇನ್ನೂ ಟೈರ್ ಬದಲಿಸದ ನಾಲ್ಕೈದು ಕಾರುಗಳ ಗುಂಪಿದ್ದರೆ ಪೆಟ್ರೊವ್ ನೆನಪಾಗಬೇಕು. ಒಂದು ಸಮಾಧಾನವೆಂದರೆ 2021ರಲ್ಲಿ ಸರ್ಕ್ಯೂಟನ್ನು ತಿದ್ದಿದ್ದಾರೆ. 5.554 ಕಿಲೋಮೀಟರ್ ಇದ್ದದ್ದು 5.281 ಆಯಿತು, 21 ತಿರುವು 16 ಆಯಿತು. ಐದನೇ ತಿರುವನ್ನು ಅಗಲ ಮಾಡಿ, ಒಂಬತ್ತನೆಯದನ್ನು ಒಂದೇ ಉದ್ದನೆಯ ಓರೆ ತಿರುವಾಗಿಸಿದರು. ಈಗ ಹಿಂದಿಕ್ಕಲು ಸಾಧ್ಯ. ಆದರೆ ಹೊಸ ಟೈರ್ ಇದ್ದರೂ ಮೂರು ಸುತ್ತು ಹೋದರೆ ಮೂರು ಸುತ್ತಿನ ನಷ್ಟವೇ.

ಪ್ರಶ್ನೆ (ತುಮಕೂರಿನಿಂದ): ವೆರ್‌ಸ್ಟಪ್ಪೆನ್ ಮುಂದಿದ್ದರೆ ಹ್ಯಾಮಿಲ್ಟನ್ ಥರ ನಿಧಾನಿಸಬಹುದಾ? ರೆಡ್ ಬುಲ್ ಬಳಿ ಬೇರೆ ಯಾವ ದಾಳ ಇದೆ?

ಉತ್ತರ: ಸ್ವಲ್ಪ ನಿಧಾನಿಸಬಹುದು, ಆದರೆ ಅನಗತ್ಯವಾಗಿ ತೀರಾ ನಿಧಾನವಾಗಿ ಅಥವಾ ಅಪಾಯಕಾರಿಯಾಗಿ ಓಡಿಸಬಾರದು. ಆದರೆ ನಿಧಾನಿಸಿದಷ್ಟೂ ಹಿಂದಿನವರು ಹತ್ತಿರವಾಗುತ್ತಾರೆ. ಹತ್ತಿರವಾದವರು ಒಂದು ಸುತ್ತು ಮೊದಲೇ ಪಿಟ್‌ಗೆ ಹೋಗಿ ಹೊಸ ಟೈರಿನ ವೇಗದಲ್ಲಿ ಮುಂದೆ ಬಂದುಬಿಡಬಹುದು. ವೆರ್‌ಸ್ಟಪ್ಪೆನ್‌ಗೆ ಗೆಲುವೇ ಹೆಚ್ಚು ಭರವಸೆಯ ದಾರಿ, ಹಿಂದೆ ಪಿಯಾಸ್ಟ್ರಿ ಇದ್ದರೆ ಆ ಆಟ ತಿರುಗಿ ಅವರ ಮೇಲೇ ಬೀಳುತ್ತದೆ. ಒಂದೇ ನಿಲುಗಡೆ ಮುಗಿದ ಮೇಲೆ, ಕೊನೆಯ ಹತ್ತು ಹದಿನೈದು ಸುತ್ತಿನಲ್ಲಿ ಮಾಡಿದರೆ ಅರ್ಥವಿದೆ. ಅದಕ್ಕೂ ನಾರಿಸ್ ಹಿಂದೆ ವೇಗದ ಎರಡು ಕಾರುಗಳು ಅಂಟಿಕೊಂಡಿರಬೇಕು.

ಇನ್ನೊಂದು ದಾಳ ಜೊತೆಗಾರ ಯೂಕಿ ಸುನೊಡಾ. ಅವರನ್ನು ಗಟ್ಟಿ ಟೈರಿನಲ್ಲಿ ಹೊರಡಿಸಿ, ಬಹಳ ಸುತ್ತು ಪಿಟ್‌ಗೆ ಕರೆಯದೆ, ನಾರಿಸ್ ಟೈರ್ ಬದಲಿಸಿ ಬರುವಾಗ ಅಡ್ಡ ನಿಲ್ಲಿಸುವುದು. 2021ರಲ್ಲಿ ಸೆರ್ಜಿಯೊ ಪೆರೆಜ್ ಇದೇ ಸರ್ಕ್ಯೂಟಿನಲ್ಲಿ ಹ್ಯಾಮಿಲ್ಟನ್‌ರನ್ನು ಹೀಗೆ ತಡೆದು ಹಲವು ಸೆಕೆಂಡು ಕಸಿದರು. ಆದರೆ ಸ್ಥಾನ ಕಾಪಾಡಿಕೊಳ್ಳಲು ಚಾಲಕ ಒಂದೇ ಸಲ ಪಕ್ಕಕ್ಕೆ ಸರಿಯಬಹುದು. ಎಡ ಬಲ ಹಾವಿನ ಹಾಗೆ ಹರಿದರೆ ದಂಡ.

ಮೆಕ್‌ಲಾರೆನ್‌ಗೂ ಎರಡು ಕಾರುಗಳ ಅನುಕೂಲವಿದೆ. ತಂಡದ ಆದೇಶಗಳ ಮೇಲಿದ್ದ ನಿಷೇಧ 2011ರಲ್ಲೇ ಹೋಗಿದೆ. ಈ ವರ್ಷ ಮೊಂಜಾದಲ್ಲಿ ನಾರಿಸ್‌ಗೆ ಪಿಟ್‌ನಲ್ಲಿ ತಡವಾದಾಗ ಮುಂದೆ ಹೋದ ಪಿಯಾಸ್ಟ್ರಿಗೆ ಸ್ಥಾನ ಹಿಂದಿರುಗಿಸಲು ಹೇಳಿದ್ದರು, ಅವರೂ ಒಪ್ಪಿದರು. ಇಲ್ಲಿ ಪಿಯಾಸ್ಟ್ರಿಗೂ ಪಟ್ಟದ ಅವಕಾಶ ಇರುವವರೆಗೆ ಅಂಥ ಮಾತನ್ನು ಕೇಳುವುದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಅವಕಾಶ ಮುಗಿದಿದೆ ಎಂದು ಸ್ಪಷ್ಟವಾದ ಮೇಲೆ ಕೇಳಿದರೆ ತಪ್ಪಿಲ್ಲ.

ಪ್ರಶ್ನೆ (ಉಡುಪಿಯಿಂದ): 2021ರಲ್ಲಿ ಸೇಫ್ಟಿ ಕಾರ್‌ನಿಂದ ಪಟ್ಟವೇ ಅದಲುಬದಲಾಯಿತು. ಮತ್ತೆ ಹಾಗೆ ಆಗಬಹುದೇ?

ಉತ್ತರ: ಅಂದು ಹ್ಯಾಮಿಲ್ಟನ್, ವೆರ್‌ಸ್ಟಪ್ಪೆನ್ ಇಬ್ಬರೂ 369.5 ಅಂಕದೊಂದಿಗೆ ಬಂದಿದ್ದರು. 58 ಸುತ್ತಿನ ರೇಸಿನ 53ನೇ ಸುತ್ತಿನಲ್ಲಿ ನಿಕೊಲಾಸ್ ಲತೀಫಿ ಕಾರು ಗೋಡೆಗೆ ಬಡಿಯಿತು. ಮುಂದಿದ್ದ ಹ್ಯಾಮಿಲ್ಟನ್ 14ನೇ ಸುತ್ತಿನಲ್ಲಿ ಹಾಕಿದ ಗಟ್ಟಿ ಟೈರಿನಲ್ಲೇ ಉಳಿದರು, ವೆರ್‌ಸ್ಟಪ್ಪೆನ್ ಹೊಸ ಮೆದು ಟೈರ್ ಹಾಕಿಸಿಕೊಂಡರು. ಇಬ್ಬರ ನಡುವೆ ಒಂದು ಸುತ್ತು ಹಿಂದಿದ್ದ ಐದು ಕಾರುಗಳಿದ್ದವು (ಅವುಗಳಲ್ಲಿ ಒಂದನ್ನು ಓಡಿಸುತ್ತಿದ್ದವರು ಇದೇ ನಾರಿಸ್). ರೇಸ್ ನಿರ್ದೇಶಕರು ಆ ಐದನ್ನು ಮಾತ್ರ ಮುಂದೆ ಬಿಟ್ಟು, ಅದೇ ಸುತ್ತಿನ ಕೊನೆಗೆ ಸೇಫ್ಟಿ ಕಾರನ್ನು ಒಳಗೆ ಕರೆದರು. ಕೊನೆಯ ಸುತ್ತಿನ ಐದನೇ ತಿರುವಿನಲ್ಲಿ ವೆರ್‌ಸ್ಟಪ್ಪೆನ್ ಮುಂದಾದರು.

2022ರಿಂದ ನಿಯಮದ ಮಾತು ಬದಲಾಗಿದೆ. ಸುತ್ತು ಹಿಂದಿರುವ ಕಾರುಗಳನ್ನು ಬಿಡುವುದಾದರೆ ಎಲ್ಲವನ್ನೂ ಬಿಡಬೇಕು, ಆರಿಸಿಕೊಳ್ಳುವಂತಿಲ್ಲ. ಆ ಸೂಚನೆ ಹೊರಬಿದ್ದ ಮೇಲೆ ಸೇಫ್ಟಿ ಕಾರ್ ಒಳಗೆ ಹೋಗುವುದು ಅದರ ಮುಂದಿನ ಸುತ್ತಿನ ಕೊನೆಗೆ. ಹಾಗಾಗಿ 2021ರ ನಿರ್ಧಾರ ಅದೇ ರೂಪದಲ್ಲಿ ಮರಳುವುದಿಲ್ಲ. 55ನೇ ಸುತ್ತಿನ ನಂತರ ದೊಡ್ಡ ಅಪಘಾತವಾದರೆ ಒಂದೋ ಸೇಫ್ಟಿ ಕಾರ್ ಹಿಂದೆಯೇ ರೇಸ್ ಮುಗಿಯುತ್ತದೆ, ಇಲ್ಲವೇ ಕೆಂಪು ಬಾವುಟ ತೋರಿಸಿ ರೇಸ್ ನಿಲ್ಲಿಸುತ್ತಾರೆ. ಕೆಂಪು ಬಾವುಟವೇ ಹೆಚ್ಚು ಭಯದ್ದು. ಕಾರು ನಿಂತಿರುವಾಗ ಎಲ್ಲರೂ ಟೈರ್ ಬದಲಿಸಬಹುದು, ಮತ್ತೆ ಗ್ರಿಡ್‌ನಿಂದ (ಹೊರಡುವ ಸಾಲಿನಿಂದ) ಹೊಸದಾಗಿ ಹೊರಡಬೇಕು. ಮೂರು ಸುತ್ತಿಗಾಗಿ ಮೊದಲ ತಿರುವಿಗೆ ಇಪ್ಪತ್ತು ಕಾರು ನುಗ್ಗುವುದನ್ನು ಊಹಿಸಿಕೊಳ್ಳಿ.

ನಿಯಮ ತಿದ್ದಿದರೂ ಒಂದು ಇಕ್ಕಟ್ಟು ಹಾಗೇ ಇದೆ. ಸೇಫ್ಟಿ ಕಾರ್ ಇರುವಾಗ ಎಲ್ಲರೂ ನಿಧಾನವಾಗಿರುವುದರಿಂದ ಪಿಟ್ ನಷ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮುಂದಿರುವವರು ಮೊದಲು ನಿರ್ಧರಿಸಬೇಕು, ಹಿಂದಿರುವವರು ಅದನ್ನು ನೋಡಿಕೊಂಡು ವಿರುದ್ಧವಾಗಿ ನಡೆಯಬಹುದು. ಅಂದು ಹ್ಯಾಮಿಲ್ಟನ್ ಪಿಟ್‌ಗೆ ಬಂದಿದ್ದರೆ ವೆರ್‌ಸ್ಟಪ್ಪೆನ್ ಹೊರಗೆ ಉಳಿದು ಮುಂದಾಗುತ್ತಿದ್ದರು. ಮುಂದಿರುವವರಿಗೆ ತಡವಾಗಿ ಬರುವ ಸೇಫ್ಟಿ ಕಾರ್ ಯಾವತ್ತೂ ಶಾಪವೇ.

ಪ್ರಶ್ನೆ (ಹಾಸನದಿಂದ): ಎಷ್ಟು ಬಗೆಯ ಟೈರ್, ಯಾವುದು ಎಷ್ಟು ಬಾಳುತ್ತದೆ? ಗ್ರೇನಿಂಗ್ ಅನ್ನುವುದು ಏನು?

ಉತ್ತರ: ಟೈರ್ ಕಂಪನಿ ಪಿರೆಲ್ಲಿ ಇಲ್ಲಿಗೆ ಮೂರು ಬಗೆಯನ್ನು ತಂದಿದೆ: ಗಟ್ಟಿಗೆ ಸಿ3, ಮಧ್ಯಮಕ್ಕೆ ಸಿ4, ಮೆದುವಿಗೆ ಸಿ5. ವಾರಾಂತ್ಯಕ್ಕೆ ಒಬ್ಬೊಬ್ಬರಿಗೆ 13 ಜೊತೆ: ಎರಡು ಗಟ್ಟಿ, ಮೂರು ಮಧ್ಯಮ, ಎಂಟು ಮೆದು. ಪ್ರತಿ ಅಭ್ಯಾಸದ ನಂತರ ಎರಡೆರಡು ಜೊತೆ ಹಿಂದಿರುಗಿಸುತ್ತಾ ಹೋದರೆ ಕ್ವಾಲಿಫೈಯಿಂಗ್ (ಹೊರಡುವ ಸ್ಥಾನ ತೀರ್ಮಾನಿಸುವ ಓಟ) ಮತ್ತು ರೇಸಿಗೆ ಏಳು ಉಳಿಯುತ್ತವೆ. ಒಣ ರೇಸಿನಲ್ಲಿ ಕನಿಷ್ಠ ಎರಡು ಬಗೆ ಬಳಸಲೇಬೇಕು. ಇಲ್ಲಿ ರೂಢಿಯ ದಾರಿ ಮಧ್ಯಮದಲ್ಲಿ ಹೊರಟು, ಒಂದೇ ಸಲ ನಿಂತು, ಗಟ್ಟಿಯಲ್ಲಿ ಮುಗಿಸುವುದು.

ಪೆನ್ಸಿಲ್ ಗೆರೆಯನ್ನು ರಬ್ಬರಿನಿಂದ ಉಜ್ಜಿದಾಗ ಸಣ್ಣ ಸುರುಳಿಗಳು ಏಳುತ್ತವಲ್ಲ, ಗ್ರೇನಿಂಗ್ ಅಂದರೆ ಅದೇ. ಟೈರಿನ ಒಳಗೆ ಬಿಸಿ ಸಾಲದೆ ಮೇಲ್ಪದರ ಮಾತ್ರ ರಸ್ತೆಯ ಮೇಲೆ ಜಾರಿದರೆ ರಬ್ಬರ್ ಹರಿದು ಸುರುಳಿಗಟ್ಟಿ ಟೈರಿಗೇ ಅಂಟಿಕೊಳ್ಳುತ್ತದೆ. ರಸ್ತೆಗೆ ತಾಗುವುದು ಟೈರಲ್ಲ, ಆ ಸುರುಳಿಗಳು. ಅದರಿಂದ ಹಿಡಿತ ಹೋಗುತ್ತದೆ. ಇನ್ನೊಬ್ಬರ ಹಿಂದೆ ಅಂಟಿಕೊಂಡು ಓಡಿಸುವವರ ಮುಂದಿನ ಟೈರಿಗೆ ಇದು ಬೇಗ ಬರುತ್ತದೆ, ಏಕೆಂದರೆ ಮುಂದಿನ ಕಾರು ಕಲಕಿದ ಗಾಳಿಯಲ್ಲಿ ಇವರ ಕಾರು ಹೆಚ್ಚು ಜಾರುತ್ತದೆ. ಸಮಾಧಾನದಿಂದ ಕೆಲವು ಸುತ್ತು ಓಡಿಸಿದರೆ ಸುರುಳಿಗಳು ಸವೆದು ಹೋಗುವುದೂ ಉಂಟು. ಆದ್ದರಿಂದ ನಾರಿಸ್ ಯಾರದೋ ಹಿಂದೆ ಎರಡು ಸೆಕೆಂಡು ಬಿಟ್ಟು ಓಡಿಸುತ್ತಿದ್ದರೆ ಸೋತರೆಂದು ಬೇಸರಿಸಬೇಡಿ, ಟೈರ್ ಕಾಯುತ್ತಿರಬಹುದು.

ಪ್ರಶ್ನೆ (ಕಲಬುರಗಿಯಿಂದ): ಯಾರಾದರೂ ಬೇಕೆಂದೇ ಡಿಕ್ಕಿ ಹೊಡೆದರೆ?

ಉತ್ತರ: 1997ರಲ್ಲಿ ಸ್ಪೇನ್‌ನ ಹೆರೆಸ್‌ನಲ್ಲಿ ಒಂದು ಅಂಕ ಮುಂದಿದ್ದ ಮೈಕೆಲ್ ಶುಮಾಕರ್ ತಮ್ಮನ್ನು ದಾಟುತ್ತಿದ್ದ ಜಾಕ್ ವಿಲ್‌ನವ್ ಕಾರಿನ ಕಡೆಗೆ ತಿರುಗಿಸಿದರು. ತಾವೇ ಜಲ್ಲಿಯಲ್ಲಿ ಸಿಕ್ಕಿಕೊಂಡರು, ವಿಲ್‌ನವ್ ಮೂರನೆಯವರಾಗಿ ಪಟ್ಟ ಗೆದ್ದರು. ಆಮೇಲೆ ಶುಮಾಕರ್ ಹೆಸರನ್ನು ಆ ವರ್ಷದ ಅಂಕಪಟ್ಟಿಯಿಂದಲೇ ತೆಗೆದರು.

ಈ ಸಲ ಮೂವರಿರುವುದರಿಂದ ಲೆಕ್ಕವೂ ಬೇರೆ. ನಾರಿಸ್, ವೆರ್‌ಸ್ಟಪ್ಪೆನ್ ಇಬ್ಬರೂ ಒಬ್ಬರಿಗೊಬ್ಬರು ತಾಗಿ ಹೊರಬಿದ್ದರೆ 408 ಮತ್ತು 396ರಲ್ಲಿ ನಿಲ್ಲುತ್ತಾರೆ. ಪಿಯಾಸ್ಟ್ರಿ ಎರಡನೆಯವರಾದರೂ 410, ಪಟ್ಟ ಅವರಿಗೆ. ಹಾಗಾಗಿ ಇಬ್ಬರೂ ಹೊರಬಿದ್ದರೆ ನಾರಿಸ್ ಗೆದ್ದಂತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ತಿರುವಿನಲ್ಲಿ ಉಸಿರು ಬಿಗಿ ಹಿಡಿಯಲು ಕಾರಣವಿದೆ: ಕಳೆದ ವರ್ಷ ಇಲ್ಲಿ ಮೊದಲ ಸುತ್ತಿನ ಮೊದಲ ತಿರುವಿನಲ್ಲೇ ವೆರ್‌ಸ್ಟಪ್ಪೆನ್, ಪಿಯಾಸ್ಟ್ರಿ ತಾಗಿಕೊಂಡು, ವೆರ್‌ಸ್ಟಪ್ಪೆನ್‌ಗೆ 10 ಸೆಕೆಂಡು ದಂಡ ಬಿತ್ತು. ಆ ರೇಸ್ ಗೆದ್ದವರು ನಾರಿಸ್.

ಪ್ರಶ್ನೆ (ಬೆಂಗಳೂರಿನಿಂದ): ನಮ್ಮ ಸಮಯಕ್ಕೆ ಯಾವಾಗ? ಅಭ್ಯಾಸಗಳನ್ನೂ ನೋಡಬೇಕೇ? ನಮ್ಮೂರಿನ ಕುಶ್ ಮೈನಿ ಓಡಿಸುತ್ತಾರಾ?

ಉತ್ತರ: ಅಬುಧಾಬಿ ನಮಗಿಂತ ಒಂದೂವರೆ ಗಂಟೆ ಹಿಂದೆ. ಶುಕ್ರವಾರ ಮೊದಲ ಅಭ್ಯಾಸ ಮಧ್ಯಾಹ್ನ 3ಕ್ಕೆ, ಎರಡನೆಯದು ಸಂಜೆ 6.30ಕ್ಕೆ. ಶನಿವಾರ ಮೂರನೆಯದು 4ಕ್ಕೆ, ಕ್ವಾಲಿಫೈಯಿಂಗ್ 7.30ಕ್ಕೆ. ಭಾನುವಾರ ರೇಸ್ 6.30ಕ್ಕೆ. ಎಲ್ಲವೂ ಫ್ಯಾನ್‌ಕೋಡ್‌ನಲ್ಲಿ ಬರುತ್ತವೆ. ಬಿಡುವು ಒಂದಕ್ಕೇ ಇದ್ದರೆ ಶುಕ್ರವಾರ ಸಂಜೆಯದನ್ನು ನೋಡಿ. ಒಂದು ಮತ್ತು ಮೂರನೆಯ ಅಭ್ಯಾಸಗಳು ಬಿಸಿಲಿನಲ್ಲಿ ನಡೆಯುತ್ತವೆ, ರಸ್ತೆಯ ಶಾಖವೇ ಬೇರೆ. ಮೊದಲನೆಯದರಲ್ಲಿ ಹಲವು ತಂಡಗಳು ಹೊಸ ಚಾಲಕರನ್ನೂ ಕೂರಿಸುತ್ತವೆ. ರೇಸಿನ ಹೊತ್ತಿಗೆ ಹೊಂದುವುದು ಎರಡನೆಯದೊಂದೇ. ಅದರ ಕೊನೆಯ 25 ನಿಮಿಷ ತುಂಬು ಇಂಧನದ ಓಟ ಇರುತ್ತದೆ. ಒಬ್ಬೊಬ್ಬರ ಐದಾರು ಸುತ್ತಿನ ಸಮಯ ಬರೆದುಕೊಂಡು, ಎಷ್ಟು ಬೇಗ ಕುಸಿಯುತ್ತದೆ ನೋಡಿ. ಒಂದು ವೇಗದ ಸುತ್ತಿಗಿಂತ ಅದು ಹೆಚ್ಚು ಹೇಳುತ್ತದೆ.

ಗೆಳೆಯರೆಲ್ಲ ಸೇರಿ ನೋಡುವವರಿಗೆ ಒಂದು ಮಾತು. ಫೋನಿನ ಲೈವ್ ಟೈಮಿಂಗ್ ಅಂಕಿಗಳು ಟಿವಿ ಚಿತ್ರಕ್ಕಿಂತ ಮೊದಲೇ ಬಂದುಬಿಡುತ್ತವೆ. ಒಬ್ಬರ ಫೋನ್ ಮಾತ್ರ ತೆರೆದಿರಲಿ, ಉಳಿದವರು ಸೂಚನೆಗಳನ್ನು ಆಫ್ ಮಾಡಿಕೊಳ್ಳಿ.

ಬೆಂಗಳೂರಿನ ಕುಶ್ ಮೈನಿ ಇದೇ ಸರ್ಕ್ಯೂಟಿನಲ್ಲಿ, ಇದೇ ವಾರಾಂತ್ಯ, ಫಾರ್ಮುಲಾ ಒನ್‌ಗಿಂತ ಒಂದು ಹಂತ ಕೆಳಗಿನ ಫಾರ್ಮುಲಾ ಟು ರೇಸುಗಳಲ್ಲಿ ಇದ್ದಾರೆ. ಈ ವರ್ಷ ಮೇ ತಿಂಗಳಲ್ಲಿ ಮೊನಾಕೊ ಸ್ಪ್ರಿಂಟ್ ಗೆದ್ದವರು, ಆಲ್ಪೀನ್ ತಂಡದ ಟೆಸ್ಟ್ ಮತ್ತು ರಿಸರ್ವ್ ಚಾಲಕ. ಶನಿವಾರ ಸ್ಪ್ರಿಂಟ್, ಭಾನುವಾರ ಮಧ್ಯಾಹ್ನ ದೊಡ್ಡ ರೇಸ್. ಸ್ಪ್ರಿಂಟಿನಲ್ಲಿ ಕ್ವಾಲಿಫೈಯಿಂಗಿನ ಮೊದಲ ಹತ್ತು ಸ್ಥಾನ ತಲೆಕೆಳಗಾಗುವುದರಿಂದ ಹತ್ತನೆಯವರು ಮುಂದೆ ನಿಲ್ಲುತ್ತಾರೆ. ತಪ್ಪದೆ ನೋಡಿ.

ಪ್ರಶ್ನೆ (ಅಜ್ಮಾನ್‌ನಿಂದ): ಮಕ್ಕಳೊಂದಿಗೆ ಸರ್ಕ್ಯೂಟಿಗೇ ಹೋಗುತ್ತಿದ್ದೇವೆ. ಏನು ಒಯ್ಯಬೇಕು?

ಉತ್ತರ: ಮಕ್ಕಳಿಗೆ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್ ಮಫ್, ದೊಡ್ಡವರಿಗೆ ಫೋಮ್ ಪ್ಲಗ್. ರೇಸ್ ಬೆಳಕಿನಲ್ಲಿ ಶುರುವಾಗಿ ಅರ್ಧ ಗಂಟೆಯಲ್ಲೇ ಸೂರ್ಯ ಮುಳುಗುತ್ತಾನೆ, ಹಾಗಾಗಿ ಟೋಪಿ ಬೇಕು, ಮಕ್ಕಳಿಗೆ ತೆಳು ಸ್ವೆಟರೂ ಬೇಕು. ನಿಮ್ಮ ಸೀಟಿನಿಂದ ಒಂದು ತಿರುವು ಮಾತ್ರ ಕಾಣುತ್ತದೆ. ದೊಡ್ಡ ಪರದೆ ಕಾಣದಿದ್ದರೆ ಯಾರು ಎಷ್ಟನೆಯವರು ಎಂದೇ ತಿಳಿಯುವುದಿಲ್ಲ, ಆದ್ದರಿಂದ ಪವರ್ ಬ್ಯಾಂಕ್ ಮರೆಯಬೇಡಿ.

ಪ್ರಶ್ನೆ (ಚಿಕ್ಕಮಗಳೂರಿನಿಂದ): ಬಾವುಟ ಬಿದ್ದ ಕೂಡಲೇ ಪಟಾಕಿ ಹಚ್ಚಬಹುದೇ?

ಉತ್ತರ: ಸ್ವಲ್ಪ ತಡೆಯಿರಿ. ನಮ್ಮ ಸಮಯ ರಾತ್ರಿ 8ರ ಸುಮಾರಿಗೆ ರೇಸ್ ಮುಗಿಯುತ್ತದೆ. ಮೊದಲು ಸೆಕೆಂಡುಗಳ ದಂಡ ನೋಡಿ. ಎಲ್ಲೆಗೆರೆ ಮೀರುವುದಕ್ಕೆ ನಾಲ್ಕನೇ ಸಲ ಐದು ಸೆಕೆಂಡು ಬೀಳುತ್ತದೆ. ಆಮೇಲೆ ಪಿಟ್‌ಗೆ ಬಂದರೆ ಆ ಐದು ಸೆಕೆಂಡು ಕಾರನ್ನು ಯಾರೂ ಮುಟ್ಟದೆ ನಿಲ್ಲಿಸಬೇಕು, ಬಾರದಿದ್ದರೆ ಒಟ್ಟು ಸಮಯಕ್ಕೆ ಸೇರುತ್ತದೆ. ನಾರಿಸ್ ಮೂರನೆಯವರಾಗಿ ಗೆರೆ ದಾಟಿ, ನಾಲ್ಕನೆಯವರು ನಾಲ್ಕೇ ಸೆಕೆಂಡು ಹಿಂದಿದ್ದು, ವೆರ್‌ಸ್ಟಪ್ಪೆನ್ ಗೆದ್ದಿದ್ದರೆ ಆ ದಂಡ ಪಟ್ಟವನ್ನೇ ಕಸಿಯುತ್ತದೆ.

ಆಮೇಲೆ ಪರೀಕ್ಷೆ. 2025ರ ನಿಯಮದಂತೆ ಚಾಲಕನ ಸಮೇತ ಕಾರು 800 ಕಿಲೋಗಿಂತ ಕಡಿಮೆ ತೂಗಬಾರದು. ಕಳೆದ ವರ್ಷ ಬೆಲ್ಜಿಯಂನಲ್ಲಿ ಗೆದ್ದ ಜಾರ್ಜ್ ರಸೆಲ್ ಕಾರು ಅಂದಿನ ಮಿತಿಗಿಂತ ಒಂದೂವರೆ ಕಿಲೋ ಕಡಿಮೆ ತೂಗಿ ಗೆಲುವೇ ಹೋಯಿತು. ರೇಸ್ ಮುಗಿದ ಮೇಲೆ ಚಾಲಕರು ರಸ್ತೆಯಂಚಿನ ರಬ್ಬರ್ ಚೂರುಗಳ ಮೇಲೆ ಓಡಿಸುವುದನ್ನು ನೋಡಿದ್ದೀರಲ್ಲ, ಅದು ಟೈರಿಗೆ ಅಂಟಿ ತೂಕ ಹೆಚ್ಚಲಿ ಎಂದು. ಟ್ಯಾಂಕಿನಿಂದ ಒಂದು ಲೀಟರ್ ಇಂಧನ ಮಾದರಿಗೆ ಸಿಗಬೇಕು. ಕೊನೆಗೆ ಅದೇ ಹಲಗೆ, ಅದೇ 9 ಮಿಲಿಮೀಟರ್. ಲಾಸ್ ವೇಗಸ್‌ನಲ್ಲಿ ಪೋಡಿಯಂ ಮುಗಿದು ಗಂಟೆಗಳೇ ಕಳೆದ ಮೇಲೆ ಆದೇಶ ಹೊರಬಿತ್ತು. ಈ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ ಅಂತಿಮ ಫಲಿತಾಂಶದ ಹಾಳೆ ಪ್ರಕಟಿಸಿದೆ ಎಂದು ಖಚಿತವಾದ ಮೇಲೆ ಕಡ್ಡಿ ಗೀರಿ.